ಕಾರ್ಲ್‌ಟನ್ ಚಾಪ್‌ಮನ್: ಊರು ಬಿಟ್ಟು ಬೆಳೆದ ಬೆಂಗಳೂರಿನ ಫುಟ್‌ಬಾಲ್ ನಾಯಕ

ದಾವಣಗೆರೆ: ಹೆಸರನ್ನಷ್ಟೇ ಕೇಳಿದವರಿಗೆ ಕಾರ್ಲ್‌ಟನ್ ಚಾಪ್‌ಮನ್ ಇಂಗ್ಲೆಂಡಿನ ಯಾವುದೋ ಕ್ಲಬ್ಬಿನ ಆಟಗಾರನೆಂದು ಭಾಸವಾಗಬಹುದು. ಆದರೆ 1971ರ ಏಪ್ರಿಲ್ 13ರಂದು ಅವರು ಜನಿಸಿದ್ದು ಬೆಂಗಳೂರಿನಲ್ಲಿ. 2020ರ ಅಕ್ಟೋಬರ್ 12ರಂದು, ತಮ್ಮ 49ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ಕೊನೆಯುಸಿರೆಳೆದದ್ದೂ ಬೆಂಗಳೂರಿನಲ್ಲಿಯೇ. ಭಾರತ ತಂಡದ ನಾಯಕತ್ವ ವಹಿಸಿ, ದೇಶದ ಎರಡು ಪ್ರಮುಖ ಕ್ಲಬ್‌ಗಳ ಪರ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದ ಈ ಆಟಗಾರನ ವೃತ್ತಿಜೀವನದ ಬಹುಭಾಗ ಕಳೆದದ್ದು ಮಾತ್ರ ಜಮ್‌ಶೆಡ್‌ಪುರ, ಕೋಲ್ಕತ್ತ, ಪಂಜಾಬ್ ಮತ್ತು ಕೊಚ್ಚಿಗಳಲ್ಲಿ. ಕರ್ನಾಟಕದ ಹುಡುಗನೊಬ್ಬ ಫುಟ್‌ಬಾಲನ್ನೇ ನೆಚ್ಚಿ ಬದುಕಬೇಕಾದರೆ ಮೊದಲು ಕರ್ನಾಟಕವನ್ನು ಬಿಡಬೇಕಾಗಿದ್ದ ಕಾಲವದು.

ಈ ಮಾತಿನ ತೂಕ ದಾವಣಗೆರೆಯ ಓದುಗರಿಗೆ ತಿಳಿಯಬೇಕಾದರೆ ನಮ್ಮೂರಿನ ಆರ್. ವಿನಯ್ ಕುಮಾರ್ ಅವರನ್ನು ನೆನೆಯಬೇಕು. 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಹೆಸರಾದ ಅವರು ಬೆಂಗಳೂರಿಗೆ ಹೋದದ್ದು ನಿಜ. ಆದರೆ ವೃತ್ತಿಜೀವನದ ಕೊನೆಯ ಹಂತದಲ್ಲಿ ಪುದುಚೇರಿಗೆ ಹೋಗುವವರೆಗೆ ರಣಜಿ ಪಂದ್ಯಗಳನ್ನು ಕರ್ನಾಟಕಕ್ಕಾಗಿಯೇ ಆಡಿದರು. 2013-14 ಮತ್ತು 2014-15ರಲ್ಲಿ ಅವರದೇ ನಾಯಕತ್ವದಲ್ಲಿ ರಾಜ್ಯವು ಸತತವಾಗಿ ರಣಜಿ ಟ್ರೋಫಿ ಗೆದ್ದಿತು. ಅವರಿಗೆ ಭಾರತ ತಂಡದ ಬಾಗಿಲು ತೆರೆದದ್ದು ರಾಜ್ಯ ತಂಡದ ಮೂಲಕವೇ. ಅವರಿಗಿಂತ ಹದಿಮೂರು ವರ್ಷ ಹಿರಿಯರಾದ ಚಾಪ್‌ಮನ್ ಅವರಿಗೆ ಅಂತಹ ಬಾಗಿಲು ತವರಿನಲ್ಲಿ ಇರಲಿಲ್ಲ.

ದಂಡು ಪ್ರದೇಶದ ಪರಂಪರೆ

ಹಾಗೆಂದು ಬೆಂಗಳೂರಿನಲ್ಲಿ ಫುಟ್‌ಬಾಲ್ ಇರಲಿಲ್ಲವೆಂದಲ್ಲ. ಬ್ರಿಟಿಷ್ ಪಡೆಗಳು ಬೀಡುಬಿಟ್ಟಿದ್ದ ದಂಡು ಪ್ರದೇಶದಲ್ಲಿ ಈ ಆಟ ಬಹುಬೇಗ ಬೇರೂರಿತು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದಂತಹ ಬಡಾವಣೆಗಳು ತಲೆಮಾರುಗಳಿಂದ ಆಟಗಾರರನ್ನು ಕೊಡುತ್ತ ಬಂದಿವೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲಿ ಆಡಿದ ಭಾರತ ತಂಡ ಫ್ರಾನ್ಸ್‌ಗೆ 1-2ರಿಂದ ಸೋತಿತು. ಅಂದು ಸ್ವತಂತ್ರ ಭಾರತದ ಪರ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬರು ಅಹ್ಮದ್ ಖಾನ್. ಚೆಂಡಿನ ಮೇಲೆ ಅವರಿಗಿದ್ದ ಹಿಡಿತವನ್ನು ಹಳಬರು ಇಂದಿಗೂ ಕೊಂಡಾಡುತ್ತಾರೆ.

ಅಹ್ಮದ್ ಖಾನ್ 1949ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಆ ಕ್ಲಬ್ಬಿನ ಪ್ರಸಿದ್ಧ ಮುನ್ಪಡೆಯ ಐವರಿಗೆ ಬಂಗಾಳದ ಅಭಿಮಾನಿಗಳು 'ಪಂಚಪಾಂಡವರು' ಎಂದು ಹೆಸರಿಟ್ಟಿದ್ದರು. ಅವರಲ್ಲಿ ಒಬ್ಬರು ಈ ಅಹ್ಮದ್ ಖಾನ್. ಅವರ ನಂತರ ಅರುಮೈನಾಯಗಂ ಮೋಹನ್ ಬಾಗಾನ್ ಸೇರಿದರು. 1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಉಲಗನಾಥನ್ ಕೂಡ ಅದೇ ಹಾದಿ ಹಿಡಿದು ಮೋಹನ್ ಬಾಗಾನ್ ಪರ ಆಡಿದರು, 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಹೀಗೆ ಬೆಂಗಳೂರಿನಿಂದ ಹೌರಾ ನಿಲ್ದಾಣದವರೆಗಿನ ದಾರಿ ಚಾಪ್‌ಮನ್ ಹುಟ್ಟುವ ಮೊದಲೇ ಸವೆದಿತ್ತು.

ರಾಜ್ಯ ತಂಡವೂ ಒಂದು ಕಾಲಕ್ಕೆ ಬಲಿಷ್ಠವಾಗಿಯೇ ಇತ್ತು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿದೆ. ನಾಲ್ಕನೆಯದು 1968-69ರ ಸಾಲಿನದು. ಚಾಪ್‌ಮನ್ ಹುಟ್ಟುವ ಹೊತ್ತಿಗೆ ಆ ವೈಭವದ ಕಾಲ ಮುಗಿದಿತ್ತು. ಐಟಿಐ, ಎಚ್‌ಎಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳ ತಂಡಗಳಲ್ಲಿ ಒಳ್ಳೆಯ ಆಟಗಾರರಿದ್ದರು. ಆದರೆ ಅವರು ಮೂಲತಃ ಕಾರ್ಖಾನೆಯ ನೌಕರರು. ಕೆಲಸ ಖಾಯಂ, ಸಂಬಳ ಖಾಯಂ, ಆಟ ಅದರ ಜೊತೆಗಿನ ಮರ್ಯಾದೆ. ಒಂದು ಕುಟುಂಬಕ್ಕೆ ಇದು ಕಡಿಮೆ ಭಾಗ್ಯವೇನಲ್ಲ. ಆದರೆ ದೇಶದ ಅತ್ಯುತ್ತಮರ ಎದುರು ವಾರವಾರವೂ ಆಡಿ ಪಳಗುವ ಅವಕಾಶ ಅಲ್ಲಿ ದೊರೆಯುತ್ತಿರಲಿಲ್ಲ.

ಟಾಟಾನಗರದ ಗುರುಕುಲ

ಎಂಬತ್ತರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಚಾಪ್‌ಮನ್ ಆರಂಭಿಕ ತರಬೇತಿ ಪಡೆದರು. ಬಳಿಕ ನಗರದ ಸದರ್ನ್ ಬ್ಲೂಸ್ ತಂಡಕ್ಕೆ ಆಡಿದರು. 1990ರ ದಶಕದ ಆರಂಭದಲ್ಲಿ ಅವರು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದ್ದು ಬದುಕಿನ ಮುಖ್ಯ ತಿರುವಾಯಿತು.

ಟಾಟಾ ಉಕ್ಕು ಸಂಸ್ಥೆ 1987ರಲ್ಲಿ ಸ್ಥಾಪಿಸಿದ ಈ ಅಕಾಡೆಮಿ ಆ ದಿನಗಳಲ್ಲಿ ದೇಶಕ್ಕೇ ಹೊಸತಾಗಿತ್ತು. ಆಯ್ಕೆಯಾದ ಹದಿಹರೆಯದ ಹುಡುಗರನ್ನು ಕೆಡೆಟ್‌ಗಳೆಂದು ಕರೆಯುತ್ತಿದ್ದರು. ಅವರು ಅಲ್ಲಿಯೇ ಉಳಿದು, ಅಲ್ಲಿಯೇ ಉಂಡು, ಅಲ್ಲಿಯೇ ಓದಿ, ಉಳಿದ ಹೊತ್ತೆಲ್ಲ ಮೈದಾನದಲ್ಲಿ ಕಳೆಯುತ್ತಿದ್ದರು. ಅಕಾಡೆಮಿಯಿಂದ ಹೊರಬಂದವರನ್ನು ಕೋಲ್ಕತ್ತ, ಗೋವಾ, ಪಂಜಾಬಿನ ಕ್ಲಬ್‌ಗಳು ಸೇರಿಸಿಕೊಳ್ಳುತ್ತಿದ್ದವು. ಮಣಿಪುರದ ರೆನೆಡಿ ಸಿಂಗ್, ಗೋವಾದ ಮಹೇಶ್ ಗಾವ್ಳಿ, ಗೋಲ್‌ಕೀಪರ್ ಸುಬ್ರತಾ ಪಾಲ್ ಮುಂತಾದವರು ಆನಂತರ ಇದೇ ಅಕಾಡೆಮಿಯಿಂದ ಬಂದು ಭಾರತ ತಂಡ ಸೇರಿದರು. ಅಲ್ಲಿಂದ ಹೊರಬಿದ್ದ ಮೊದಮೊದಲ ತಂಡಗಳ ದೊಡ್ಡ ಹೆಸರು ಚಾಪ್‌ಮನ್ ಅವರದು.

ಅವರು ಮಿಡ್‌ಫೀಲ್ಡರ್. ಅಂದರೆ ಮೈದಾನದ ನಡುವೆ ನಿಂತು, ರಕ್ಷಣಾ ಪಡೆಯಿಂದ ಬಂದ ಚೆಂಡನ್ನು ಹಿಡಿದು, ಮುನ್ಪಡೆಯವರು ಓಡುವ ದಾರಿಗೆ ತಲುಪಿಸಬೇಕಾದವರು. ಮರುದಿನದ ಪತ್ರಿಕೆಯಲ್ಲಿ ಗೋಲು ಹೊಡೆದವನ ಹೆಸರಿರುತ್ತದೆ. ಗೋಲಿಗೆ ಎರಡು ಹೆಜ್ಜೆ ಹಿಂದೆ ಚೆಂಡು ಕೊಟ್ಟವನ ಹೆಸರು ಹಲವು ವೇಳೆ ಇರುವುದಿಲ್ಲ. ಕ್ರಿಕೆಟ್‌ನಂತೆ ಈ ಕೆಲಸವನ್ನು ಅಳೆಯಲು ಓಟ, ವಿಕೆಟ್‌ಗಳ ಲೆಕ್ಕವೂ ಇಲ್ಲ. ಚಾಪ್‌ಮನ್ ಅವರ ಹಿರಿಮೆ ಹೊಸ ತಲೆಮಾರಿಗೆ ಅಷ್ಟಾಗಿ ತಲುಪದೆ ಇರಲು ಇದೂ ಒಂದು ಕಾರಣವಿರಬಹುದು.

ಬಾಗ್ದಾದಿನ ತಂಡದ ವಿರುದ್ಧ ಮೂರು ಗೋಲು

1993ರಲ್ಲಿ ಚಾಪ್‌ಮನ್ ಈಸ್ಟ್ ಬೆಂಗಾಲ್ ಸೇರಿದರು. ಆಗ ಅವರಿಗೆ 22 ವರ್ಷ. ಕೋಲ್ಕತ್ತದ ಕ್ಲಬ್ಬೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1889ರ ಮೋಹನ್ ಬಾಗಾನ್ ಮತ್ತು 1920ರ ಈಸ್ಟ್ ಬೆಂಗಾಲ್ ನಡುವಿನ ಪೈಪೋಟಿ ಊರನ್ನೇ ಎರಡು ಪಾಲು ಮಾಡುತ್ತದೆ. ಇಂದಿನ ಬಾಂಗ್ಲಾದೇಶದ ಕಡೆಯಿಂದ ವಲಸೆ ಬಂದ ಕುಟುಂಬಗಳು ಸಾಂಪ್ರದಾಯಿಕವಾಗಿ ಈಸ್ಟ್ ಬೆಂಗಾಲ್ ಕಡೆ. ಆ ತಂಡ ಗೆದ್ದರೆ ಹಿಲ್ಸಾ ಮೀನಿಗೆ, ಮೋಹನ್ ಬಾಗಾನ್ ಗೆದ್ದರೆ ಸಿಗಡಿಗೆ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆಂಬ ಮಾತು ಅಲ್ಲಿ ಮನೆಮಾತು. ಇಂತಹ ಊರಿನಲ್ಲಿ ಹೊರರಾಜ್ಯದ ಯುವಕನೊಬ್ಬನಿಗೆ ನೆಲೆ ಸಿಗುವುದು ಆಟದಿಂದ ಮಾತ್ರ.

ಚಾಪ್‌ಮನ್ ಅವರಿಗೆ ಆ ನೆಲೆ ಬೇಗನೆ ದೊರೆಯಿತು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಟೂರ್ನಿಯ ಮೊದಲ ಸುತ್ತಿನಲ್ಲಿ ಈಸ್ಟ್ ಬೆಂಗಾಲ್‌ಗೆ ಎದುರಾದದ್ದು ಇರಾಕಿನ ಅಲ್ ಜವ್ರಾ. ಏಷ್ಯಾದ ವಿವಿಧ ದೇಶಗಳಲ್ಲಿ ಕಪ್ ಗೆದ್ದ ಕ್ಲಬ್‌ಗಳಿಗಾಗಿ ನಡೆಯುತ್ತಿದ್ದ ಟೂರ್ನಿ ಅದು; ಈಗ ಅಸ್ತಿತ್ವದಲ್ಲಿಲ್ಲ. ಬಾಗ್ದಾದಿನ ಅಲ್ ಜವ್ರಾ ಸಾಮಾನ್ಯ ತಂಡವಾಗಿರಲಿಲ್ಲ. ಇರಾಕ್ 1986ರಲ್ಲಿ ವಿಶ್ವಕಪ್ ಆಡಿದ್ದ ದೇಶ. ಭಾರತದ ಕ್ಲಬ್ಬೊಂದು ಅಂತಹ ದೇಶದ ತಂಡವನ್ನು ಸೋಲಿಸೀತೆಂದು ನಿರೀಕ್ಷಿಸುವವರು ಕಡಿಮೆ. ಆದರೆ ಪಂದ್ಯ ಮುಗಿದಾಗ ಈಸ್ಟ್ ಬೆಂಗಾಲ್ 6-2 ಗೋಲುಗಳಿಂದ ಗೆದ್ದಿತ್ತು. ಅದರಲ್ಲಿ ಮೂರು ಗೋಲು ಚಾಪ್‌ಮನ್ ಅವರದು. ಗೋಲು ಹೊಡೆಯುವುದು ಮುಖ್ಯ ಕೆಲಸವಲ್ಲದ ಮಿಡ್‌ಫೀಲ್ಡರ್ ಒಬ್ಬ, ಅದೂ ದೊಡ್ಡ ಕ್ಲಬ್ಬಿಗೆ ಬಂದ ಮೊದಲ ವರ್ಷದಲ್ಲಿಯೇ, ಏಷ್ಯಾ ಮಟ್ಟದಲ್ಲಿ ಹ್ಯಾಟ್ರಿಕ್ ಸಾಧಿಸಿದ್ದು ಇಂದಿಗೂ ಭಾರತೀಯ ಕ್ಲಬ್ ಫುಟ್‌ಬಾಲ್‌ನ ಸ್ಮರಣೀಯ ಘಟನೆಗಳಲ್ಲಿ ಒಂದು.

ಗಿರಣಿಯ ತಂಡ, ದೇಶದ ಪ್ರಶಸ್ತಿ

1995ರಲ್ಲಿ ಚಾಪ್‌ಮನ್ ಪಂಜಾಬಿನ ಜೆಸಿಟಿ ತಂಡಕ್ಕೆ ಹೋದರು. ಅವರ ಆಟ ಉತ್ತುಂಗಕ್ಕೇರಿದ್ದು ಇಲ್ಲಿ. ಜೆಸಿಟಿ ಎಂಬುದು ಫಗ್ವಾರಾದ ಬಟ್ಟೆ ಗಿರಣಿ. ಗಿರಣಿಯ ಹೆಸರೇ ತಂಡದ ಹೆಸರು. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ದಾವಣಗೆರೆಯವರಿಗೆ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡಿದ್ದ ಹರಿಹರದವರಿಗೆ ಇಂತಹ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿ ನಡೆಯುವವರೆಗೆ ತಂಡವೂ ನಡೆಯುತ್ತದೆ.

ಆಗ ಗಿರಣಿ ಚೆನ್ನಾಗಿಯೇ ನಡೆಯುತ್ತಿತ್ತು. ಸುಖ್ವಿಂದರ್ ಸಿಂಗ್ ತರಬೇತುದಾರರು. ಮುನ್ಪಡೆಯಲ್ಲಿ ಕೇರಳದ ಐ.ಎಂ. ವಿಜಯನ್ ಮತ್ತು ಸಿಕ್ಕಿಮ್‌ನ ಬೈಚುಂಗ್ ಭುಟಿಯಾ. ಅವರ ಹಿಂದೆ ಬೆಂಗಳೂರಿನ ಚಾಪ್‌ಮನ್. ತ್ರಿಶೂರಿನ ಮೈದಾನದ ಬಳಿ ಸೋಡಾ ಮಾರುತ್ತ ಬೆಳೆದ ವಿಜಯನ್, ಹಿಮಾಲಯದ ತಪ್ಪಲಿನಿಂದ ಬಂದ ಭುಟಿಯಾ ಮತ್ತು ಬೆಂಗಳೂರಿನ ಹುಡುಗ ಪಂಜಾಬಿನ ಗಿರಣಿಯೊಂದರ ಅಂಗಿ ತೊಟ್ಟು ಒಟ್ಟಾಗಿ ಆಡಿದ ಆ ತಂಡವನ್ನು ಮರೆಯುವುದು ಸಾಧ್ಯವಿಲ್ಲ. ಆ ವರ್ಷಗಳಲ್ಲಿ ಚಾಪ್‌ಮನ್ ಜೆಸಿಟಿ ಪರ 14 ಪ್ರಶಸ್ತಿಗಳನ್ನು ಗೆದ್ದರು.

ಅವುಗಳಲ್ಲಿ ಅತ್ಯಂತ ಮುಖ್ಯವಾದದ್ದು ರಾಷ್ಟ್ರೀಯ ಫುಟ್‌ಬಾಲ್ ಲೀಗ್. ಅಲ್ಲಿಯವರೆಗೆ ದೇಶದಲ್ಲಿ ಡ್ಯುರಾಂಡ್, ರೋವರ್ಸ್, ಫೆಡರೇಶನ್ ಕಪ್‌ನಂತಹ ಟೂರ್ನಿಗಳಿದ್ದವು. ಊರೂರಿನ ಸ್ಥಳೀಯ ಲೀಗ್‌ಗಳಿದ್ದವು. ದೇಶವ್ಯಾಪಿ ಲೀಗ್ ಇರಲಿಲ್ಲ. 1996ರ ಡಿಸೆಂಬರ್‌ನಲ್ಲಿ 12 ತಂಡಗಳೊಂದಿಗೆ ಅದು ಆರಂಭವಾಯಿತು. ಚೊಚ್ಚಲ ಲೀಗನ್ನು ಗೆದ್ದದ್ದು ಕೋಲ್ಕತ್ತದ ಅಥವಾ ಗೋವಾದ ತಂಡವಲ್ಲ, ಜೆಸಿಟಿ. ಅತಿ ಹೆಚ್ಚು ಗೋಲು ಹೊಡೆದವರು ಭುಟಿಯಾ. ಆ ಗೋಲುಗಳ ಹಿಂದಿನ ನಡುಪಡೆಯಲ್ಲಿ ಚಾಪ್‌ಮನ್ ಇದ್ದರು.

ಭಾರತ ತಂಡದಲ್ಲಿ

1995ರಿಂದ 2001ರವರೆಗೆ ಚಾಪ್‌ಮನ್ ಭಾರತ ತಂಡಕ್ಕಾಗಿ ಆಡಿದರು. ಫಿಫಾ ಶ್ರೇಯಾಂಕ ಪಟ್ಟಿಯಲ್ಲಿ ಭಾರತ ಪಡೆದಿರುವ ಅತ್ಯುತ್ತಮ ಸ್ಥಾನ 94. ಅದು ದಕ್ಕಿದ್ದು 1996ರ ಫೆಬ್ರವರಿಯಲ್ಲಿ, ಇದೇ ತಲೆಮಾರಿನ ಕಾಲದಲ್ಲಿ. 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ಸ್ಯಾಫ್ ಕಪ್‌ಗೆ ಚಾಪ್‌ಮನ್ ನಾಯಕರಾಗಿದ್ದರು. ಫೈನಲ್‌ನಲ್ಲಿ ಮಾಲ್ದೀವ್ಸ್ ತಂಡವನ್ನು 5-1ರಿಂದ ಮಣಿಸಿ ಭಾರತ ಕಪ್ ಗೆದ್ದಿತು.

ಅದೇ 1997ರಲ್ಲಿ ಕ್ರಿಕೆಟ್‌ನಲ್ಲಿ ಕರ್ನಾಟಕದ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್, ರಾಹುಲ್ ದ್ರಾವಿಡ್ ಮನೆಮನೆಯ ಹೆಸರುಗಳಾಗಿದ್ದರು. ಅದೇ ಹೊತ್ತಿನಲ್ಲಿ ಭಾರತದ ಮತ್ತೊಂದು ತಂಡಕ್ಕೆ ಬೆಂಗಳೂರಿನವರೊಬ್ಬರು ನಾಯಕರಾಗಿ ಕಪ್ ಎತ್ತಿದ್ದು ರಾಜ್ಯದಲ್ಲಿ ಎಷ್ಟು ಜನರ ಗಮನಕ್ಕೆ ಬಂದಿತೋ! ವಿದ್ಯಾನಗರವಿರಲಿ, ಹರಿಹರವಿರಲಿ, ಸಂಜೆಯ ಹೊತ್ತು ಮಕ್ಕಳ ಕೈಯಲ್ಲಿ ಕಾಣುತ್ತಿದ್ದುದು ಬ್ಯಾಟ್ ಮಾತ್ರ.

ಕೊಚ್ಚಿಗೆ ಹೋಗಿ, ಮತ್ತೆ ಕೋಲ್ಕತ್ತಕ್ಕೆ

1997ರಲ್ಲಿ ಕೇರಳದಲ್ಲಿ ಎಫ್‌ಸಿ ಕೊಚ್ಚಿನ್ ಎಂಬ ವೃತ್ತಿಪರ ಕ್ಲಬ್ ಹುಟ್ಟಿತು. ವಿಜಯನ್ ತವರು ರಾಜ್ಯಕ್ಕೆ ಮರಳಿದರು, ಚಾಪ್‌ಮನ್ ಕೂಡ ಅದೇ ತಂಡ ಸೇರಿದರು. ಹುಟ್ಟಿದ ವರ್ಷವೇ ಡ್ಯುರಾಂಡ್ ಕಪ್ ಗೆದ್ದ ಆ ಕ್ಲಬ್, ಹಣದ ಮುಗ್ಗಟ್ಟಿಗೆ ಸಿಲುಕಿ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಚಾಪ್‌ಮನ್ ಅಲ್ಲಿ ಆಡಿದ್ದು ಒಂದೇ ಋತು. 1998ರಲ್ಲಿ ಅವರು ಈಸ್ಟ್ ಬೆಂಗಾಲ್‌ಗೆ ಮರಳಿದರು.

ಹೀಗೆ ತಂಡದಿಂದ ತಂಡಕ್ಕೆ ಹೋಗುವುದನ್ನು ಚಂಚಲತೆಯೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಪ್ರತಿಭಾವಂತ ಹುಡುಗ ಬಾಲ್ಯದಲ್ಲಿಯೇ ಊರಿನ ಕ್ಲಬ್ಬಿನ ಅಕಾಡೆಮಿ ಸೇರುತ್ತಾನೆ. ಹದಿನೇಳು ತುಂಬಿದರೆ ಅದೇ ಕ್ಲಬ್ ಅವನೊಂದಿಗೆ ವೃತ್ತಿಪರ ಒಪ್ಪಂದ ಮಾಡಿಕೊಳ್ಳಬಹುದು. ಆಡಲು ಜಾಗವಿಲ್ಲದಿದ್ದರೆ ಬೇರೊಂದು ಕ್ಲಬ್ಬಿಗೆ ಎರವಲು ಕಳುಹಿಸಿ ಪಳಗಿಸುತ್ತದೆ. ಎಲ್ಲಿಗೆ ಹೋದರೂ ಅವನ ಹಿಂದೆ ಒಪ್ಪಂದದ ಭದ್ರತೆಯಿರುತ್ತದೆ. ತೊಂಬತ್ತರ ದಶಕದ ಭಾರತದಲ್ಲಿ ಇಂತಹ ಏರ್ಪಾಡು ಇರಲಿಲ್ಲ. ಋತು ಮುಗಿದೊಡನೆ ಆಟಗಾರರು ತಂಡ ಬದಲಿಸುವುದು ಕೋಲ್ಕತ್ತದ ವಾರ್ಷಿಕ ಜಾತ್ರೆಯೇ ಆಗಿತ್ತು. ನಮ್ಮ ರಾಜಕಾರಣಿಗಳ ಪಕ್ಷಾಂತರಕ್ಕೆ ಕಾಣುವಷ್ಟು ಜನ ಅಲ್ಲಿ ಆಟಗಾರರ ಸಹಿಗೆ ಸೇರುತ್ತಿದ್ದರು.

ಎರಡನೇ ಬಾರಿ ಬಂದಾಗ ಚಾಪ್‌ಮನ್ ಈಸ್ಟ್ ಬೆಂಗಾಲ್‌ನ ನಾಯಕರಾದರು. 2000-01ರ ಸಾಲಿನಲ್ಲಿ ಅವರ ನಾಯಕತ್ವದಲ್ಲಿ ಕ್ಲಬ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಎರಡನೇ ಸ್ಥಾನ ಕಡುವೈರಿ ಮೋಹನ್ ಬಾಗಾನ್‌ಗೆ. ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋಗಿ ಅರ್ಧ ಶತಮಾನ ಕಳೆದ ಮೇಲೆ, ಅದೇ ಕೆಂಪು-ಹಳದಿ ಅಂಗಿಯಲ್ಲಿ ಬೆಂಗಳೂರಿನ ಇನ್ನೊಬ್ಬರು ಬಂಗಾಳವನ್ನು ಕುಣಿಸಿದ್ದರು.

ಅದೇ ವರ್ಷ, 2001ರಲ್ಲಿ, ಚಾಪ್‌ಮನ್ ವೃತ್ತಿಪರ ಆಟದಿಂದ ನಿವೃತ್ತರಾದರು. ಆಗ ಅವರಿಗೆ ಕೇವಲ 30 ವರ್ಷ. ಯುರೋಪಿನಲ್ಲಿ ಮಿಡ್‌ಫೀಲ್ಡರ್ ಒಬ್ಬನ ಆಟ ಮಾಗುವ ವಯಸ್ಸು ಅದು.

ತರಬೇತುದಾರನ ಅಲೆದಾಟ

ನಿವೃತ್ತಿಯ ನಂತರವೂ ಅವರ ಪ್ರಯಾಣ ನಿಲ್ಲಲಿಲ್ಲ. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿಯೇ ತರಬೇತುದಾರರಾದರು. ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವ ಮುಂತಾದ ಕ್ಲಬ್‌ಗಳಿಗೆ ದುಡಿದರು. ಕೊನೆಯ ದಿನಗಳಲ್ಲಿ ಕೋಳಿಕ್ಕೋಡಿನ ಕ್ವಾರ್ಟ್ಜ್ ಕ್ಲಬ್ಬಿನ ತಾಂತ್ರಿಕ ನಿರ್ದೇಶಕರಾಗಿದ್ದರು. ದೊಡ್ಡ ಹಣದ, ದೊಡ್ಡ ಪ್ರಚಾರದ ಹುದ್ದೆಗಳಲ್ಲ ಇವು. ಬಹುತೇಕ ಕಡೆ ಕೆಳಗಿನ ಹಂತದ ತಂಡಗಳನ್ನು ಕಟ್ಟುವ, ಹುಡುಗರನ್ನು ತಿದ್ದುವ ಕೆಲಸ.

ಅವರು ಆಡಿದ ಕ್ಲಬ್‌ಗಳ ಪೈಕಿ ಎಫ್‌ಸಿ ಕೊಚ್ಚಿನ್ ಅವರ ನಿವೃತ್ತಿಯ ಆಸುಪಾಸಿನಲ್ಲಿಯೇ ಮುಗಿದಿತ್ತು. ಚೊಚ್ಚಲ ಲೀಗ್ ಗೆದ್ದ ಜೆಸಿಟಿ ಕೂಡ 2011ರಲ್ಲಿ ತಂಡವನ್ನು ವಿಸರ್ಜಿಸಿತು. ಉಳಿದದ್ದು ಈಸ್ಟ್ ಬೆಂಗಾಲ್. ಆ ಕ್ಲಬ್ ಇಂಡಿಯನ್ ಸೂಪರ್ ಲೀಗ್‌ಗೆ ಸೇರ್ಪಡೆಯಾದದ್ದು 2020ರ ಸೆಪ್ಟೆಂಬರ್‌ನಲ್ಲಿ. ಮೊದಲ ಪಂದ್ಯ ನಡೆದದ್ದು ನವೆಂಬರ್‌ನಲ್ಲಿ. ಅದನ್ನು ನೋಡಲು ಚಾಪ್‌ಮನ್ ಇರಲಿಲ್ಲ.

ಬದಲಾದ ಬೆಂಗಳೂರು

ಚಾಪ್‌ಮನ್ ಅವರಿಗೆ ತಾರುಣ್ಯದಲ್ಲಿ ದೊರೆಯದಿದ್ದ ವೃತ್ತಿಪರ ಕ್ಲಬ್ ಬೆಂಗಳೂರಿಗೆ ಬಂದದ್ದು 2013ರಲ್ಲಿ, ಅವರು ಅಂಗಿ ಕಳಚಿ ಹನ್ನೆರಡು ವರ್ಷಗಳಾದ ಮೇಲೆ. ಜೆಎಸ್‌ಡಬ್ಲ್ಯು ಸಂಸ್ಥೆ ಕಟ್ಟಿದ ಬೆಂಗಳೂರು ಎಫ್‌ಸಿ ಆಡಿದ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಅದು 0-1ರಿಂದ ಸೋತದ್ದು ಇರಾಕಿನದೇ ಆದ ವಾಯುಪಡೆ ಕ್ಲಬ್ಬಿಗೆ. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯೂ ಬಂದಿತು. ಆದರೆ ಆ ಯಶಸ್ಸಿನ ತಂಡಗಳಲ್ಲಿ ಕರ್ನಾಟಕದ ಆಟಗಾರರ ಸಂಖ್ಯೆ ಕಡಿಮೆಯೇ ಇತ್ತು ಎಂಬುದನ್ನು ಮರೆಯುವಂತಿಲ್ಲ. ಕ್ಲಬ್ ಬಂದೊಡನೆ ಆಟಗಾರರು ಬರುವುದಿಲ್ಲ. ಅದಕ್ಕೆ ಅಕಾಡೆಮಿ ಬೇಕು, ಹತ್ತು ವರ್ಷಗಳ ತಾಳ್ಮೆಯೂ ಬೇಕು.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡವು 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. 'ಕರ್ನಾಟಕ' ಎಂಬ ಹೆಸರಿನಲ್ಲಿ ಅದು ಮೊದಲ ಗೆಲುವು. ಹಿಂದಿನ ನಾಲ್ಕೂ 'ಮೈಸೂರು' ಹೆಸರಿನವು.

ಮರುವರ್ಷ, 2024ರ ಸೆಪ್ಟೆಂಬರ್ 14ರಂದು, ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಹೊಸ ಋತುವಿನ ತನ್ನ ಮೊದಲ ಪಂದ್ಯ ಆಡಿತು. ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಬೆಂಗಳೂರಿನ 19 ವರ್ಷದ ವಿನೀತ್ ವೆಂಕಟೇಶ್ ಸೂಪರ್ ಲೀಗ್‌ನ ತಮ್ಮ ಚೊಚ್ಚಲ ಪಂದ್ಯದಲ್ಲಿಯೇ ಗೋಲು ಹೊಡೆದರು. ಪಂದ್ಯದ ಏಕೈಕ ಗೋಲು ಅದೇ. ಎದುರಾಳಿ ತಂಡ ಈಸ್ಟ್ ಬೆಂಗಾಲ್.